ಏಳನೆಯ ನುಡಿ

ಧಾರವಾಡ
೧೪ ಜುಲೈ ೧೯೮೦

ಸುಭದ್ರಾ ಅತ್ತೆಯವರಿಗೆ ಜಗದೇವಿಯ ಶರಣಾರ್ಥಿ.

ಬಿ.ಎ. ಕೊನೆಯ ವರ್ಷ ಶುರುವಾಯಿತು. ಇತಿಹಾಸ, ಅದರ ಜೊತೆಗೆ ಸಂಗೀತದ ಇತಿಹಾಸ. ಅಪ್ಪನಿಗೆ ಇನ್ನೂ ಇದೊಂದು ನಗೆಯ ವಿಷಯ. ರಜೆಯಲ್ಲಿ ಕರಜಗಿಗೆ ಹೋದಾಗ ಕಟ್ಟೆಯ ಮೇಲೆ ಕುಳಿತವರಿಗೆಲ್ಲ ಹೇಳುತ್ತಿದ್ದರು: ‘ಇತಿಹಾಸ ಅಂದ್ರ ಸತ್ತವರ ಸುದ್ದಿ. ಸಂಗೀತದ ಇತಿಹಾಸ ಅಂದ್ರ ಸತ್ತವರು ಹಾಡಿದ್ದು. ನಮ್ಮ ಹುಡುಗಿ ಎರಡೂ ಕಲಿಯಾಕತ್ತಾಳ. ಬದುಕಿದವರ ಕೂಡ ಮಾತಾಡಾಕ ಆಕಿಗಿ ಪುರಸತ್ತಿಲ್ಲ!’

ಈಗ ಬದುಕಿದವರೇ ಬೇಕಾಗಿದ್ದಾರೆ. ನಮ್ಮ ಸರ್ ಪ್ರತಿಯೊಬ್ಬರಿಗೂ ಒಂದು ಪ್ರಬಂಧ ಹಚ್ಚಿದ್ದಾರೆ: ನಮ್ಮ ಕಡೆಯ ಒಂದು ಹಾಡಿನ ಪರಂಪರೆ, ಅದರ ಹಿಂದಿನ ಕಥೆ. ಒಂದೇ ನಿಯಮ. ಸ್ವಂತ ಊರನ್ನು ಬಿಟ್ಟು ಬರೆಯಬೇಕು. ‘ತವರಿನ ಬಗ್ಗೆ ಬರೆಯುವವರು ಸಾಕ್ಷಿ ಹುಡುಕುವುದಿಲ್ಲ, ಹೊಗಳುತ್ತಾರೆ’ ಎನ್ನುತ್ತಾರೆ. ಆದ್ದರಿಂದ ನನ್ನ ಊರು, ನಿಮ್ಮ ತವರು ಕರಜಗಿ ಹೋಯಿತು, ನಿಮ್ಮ ಮಟಕಿ ಉಳಿಯಿತು. ಹಿಂದೊಮ್ಮೆ ನಿಮ್ಮಲ್ಲಿಗೆ ಬಂದಾಗ ಚಾವಡಿಯ ಹತ್ತಿರ ಮಶೀನು ತುಳಿಯುತ್ತ ಹಾಡುವ ದರ್ಜಿ ಲಾಲಸಾಬರನ್ನು ನೋಡಿದ್ದೆ. ಅವರು ಮೊಹರಂ ಮೇಳದಲ್ಲಿ ಹಾಡುವ, ಕರ್ಬಲಾದ ಕಥೆ ಹೇಳುವ ರಿವಾಯತ್ ಪದಗಳಲ್ಲಿ ಒಂದನ್ನಾದರೂ ಪೂರ್ತಿ ಬರೆದು ಕಳಿಸುವಿರಾ?

ಅಕ್ಟೋಬರ್ ನಡುವಿಗೆ ಒಪ್ಪಿಸಬೇಕು. ಅತ್ಯುತ್ತಮವಾದ ಒಂದು ಪ್ರಬಂಧವನ್ನು ಪುಣೆಯಿಂದ ಬರುವ ವಿದ್ವಾಂಸರೆದುರು ಓದಿಸುತ್ತಾರೆ. ಓದಿದವರನ್ನು ಎಂ.ಎ.ಗೆ ಸರ್ ತಾವೇ ಕಾಗದ ಬರೆದು ಕರೆಯುತ್ತಾರೆ. ಅಪ್ಪನ ಮಾತು ನಿಮಗೆ ಗೊತ್ತು: ‘ಕಾಲೇಜಿನವರು ಕರೆದರ ಓದಲಿ, ಇಲ್ಲಂದ್ರ ಮನಿಗಿ ಬರಲಿ.’ ನನಗೆ ಆ ಕಾಗದ ಬೇಕು, ಅತ್ತೆ.

ಮಾವನವರಿಗೆ ಶರಣು ತಿಳಿಸಿ.

ನಿಮ್ಮ
ಜಗದೇವಿ


ಮಟಕಿ, ತಾ. ಆಳಂದ
೩ ಆಗಸ್ಟ್ ೧೯೮೦

ಜಗದೇವಿಗೆ ಅತ್ತೆಯ ಆಶೀರ್ವಾದ.

ಹೊಲದ ಹೆಸರುಕಾಯಿ ಬಿಡಿಸುವ ಕೆಲಸದಲ್ಲಿ ಕಾಗದ ತಡವಾಯಿತು. ನಿನ್ನ ಮಾವ ಬಸವಂತರಾಯರು ಹೊಲದಿಂದ ಬಂದವರು ನಿನ್ನ ಪತ್ರ ಓದಿಸಿಕೊಂಡು, ‘ಲಾಲಸಾಬನ ಹಾಡು ಧಾರವಾಡ ಮುಟ್ಟತದಂದ್ರ ಅಂವಾ ನಾಳಿಂದ ಅಂಗಿ ಹೊಲಿಯೂದು ಬಿಡ್ತಾನ’ ಎಂದರು.

ಲಾಲಸಾಬರು ಹಾಡಿದರು. ಕರ್ಬಲಾದ ಪದ. ಹೊಳೆಯ ದಂಡೆಯನ್ನು ಶತ್ರುಗಳು ಕಾದಿದ್ದಾರೆ, ಡೇರೆಯಲ್ಲಿ ಮಕ್ಕಳು ನೀರಡಿಸಿದ್ದಾರೆ. ಏಳು ನುಡಿಯ ಪದವಂತೆ. ಆರು ನುಡಿ ಬರೆದು ಇದರೊಂದಿಗೆ ಇಟ್ಟಿದ್ದೇನೆ. ಆರನೆಯದು ಹೀಗಿದೆ:

ಮಳಲ ಮ್ಯಾಲ ನೋಡು, ಹೋದ ಹೆಜ್ಜಿ ಅದ,
ತಿರುಗಿ ಬಂದ ಹೆಜ್ಜಿ ಎಲ್ಲೂ ಕಾಣಲಿಲ್ಲ,
ಡೇರೆದಾಗಿನ ಕೊಡಾ ತುಂಬಿದವರ್ಯಾರ
ಹೇಳೋ ಶಾಹೀರ.

ಶಾಹೀರ ಎಂದರೆ ಪದ ಕಟ್ಟಿ ಹಾಡುವವನಂತೆ. ಇಷ್ಟು ಹಾಡಿ ಮಶೀನು ನಿಲ್ಲಿಸಿದರು. ಸೂಜಿಗೆ ದಾರ ಪೋಣಿಸಿದರು. ನಾನು ಪೆನ್ನು ಹಿಡಿದು ಕಾದೆ. ‘ಮುಂದಿಂದು ನೆನಪಾಗವಲ್ದು ಬಾಯಾರ. ವಯಸ್ಸಾತು’ ಎಂದರು. ಮರುದಿನ ಹೋದೆ, ಅಲ್ಲಿಯೇ ನಿಂತರು. ಒತ್ತಾಯ ಮಾಡಲು ಮನಸ್ಸಾಗಲಿಲ್ಲ. ನೆನಪಿಗೆ ಒಳ್ಳೆಯದೆಂದು ಈಗ ದಿನಾಲು ನೆನೆಸಿ ಸಿಪ್ಪೆ ತೆಗೆದ ಬಾದಾಮಿ ಕಳಿಸುತ್ತಿದ್ದೇನೆ. ಸಂತೋಷದಿಂದ ತಿನ್ನುತ್ತಾರೆ.

ಒಂದು ಮಾತು. ಸೊಲ್ಲಾಪುರದ ಶಾಲೆಯಲ್ಲಿ ನಮಗೆ ಪಿಯಾನೋ ಬಾರಿಸಿ ಇಂಗ್ಲಿಷ್ ಪ್ರಾರ್ಥನೆ ಹೇಳಿಕೊಡುತ್ತಿದ್ದರು. ಸ್ವರ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಇಂದಿಗೂ ಹೇಳಬಲ್ಲೆ. ಕನ್ನಡ ಬರೆಯಲು ಕಲಿತದ್ದು ಮದುವೆಯಾದ ಮೇಲೆ, ನಿನ್ನ ಮಾವನಿಂದ. ಆದರೆ ಈ ಊರಿಗೆ ಬಂದು ಇಪ್ಪತ್ತು ವರ್ಷದ ಮೇಲಾದರೂ ಮೊಹರಂ ಮೇಳವನ್ನು ಮಾಳಿಗೆಯ ಮೇಲಿಂದ ನೋಡಿದ್ದೇನೆಯೇ ಹೊರತು ಕೇಳಿಲ್ಲ. ಹತ್ತಿರ ಕುಳಿತು ಕೇಳಿದ್ದು ಈಗಲೇ, ನಿನ್ನ ಪ್ರಬಂಧದ ನೆಪದಲ್ಲಿ. ಇದಕ್ಕೆ ನಾಚಬೇಕೋ ಸಂತೋಷಪಡಬೇಕೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುತ್ತಿದ್ದೇನೆ.

ನಿನ್ನ
ಸುಭದ್ರಾ ಅತ್ತೆ


ಧಾರವಾಡ
೨೦ ಆಗಸ್ಟ್ ೧೯೮೦

ಅತ್ತೆಯವರಿಗೆ ಶರಣು.

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ನೀವು ಏಳನೆಯ ನುಡಿ ಸಿಗಲಿಲ್ಲವೆಂದು ಬೇಸರಿಸಿದ್ದೀರಿ. ಆದರೆ ಸಿಗದೇ ಇರುವುದೇ ನನ್ನ ಪಾಲಿನ ಬಂಗಾರ! ಸರ್‌ಗೆ ತೋರಿಸಿದೆ. ಕನ್ನಡಕ ತೆಗೆದು, ‘ಉಳಿದದ್ದನ್ನು ಯಾರಾದರೂ ಬರೆದುಕೊಳ್ಳುತ್ತಾರೆ. ಕಳೆದದ್ದನ್ನು ಗುರುತಿಸುವವರು ಇತಿಹಾಸಕಾರರು’ ಎಂದರು. ನಿಜಾಮರ ಆಳ್ವಿಕೆ ಹೋಯಿತು, ಊರೂರಿಗೆ ರೇಡಿಯೋ ಬಂತು, ಸಿನೆಮಾ ಬಂತು, ಮೇಳ ಸೊರಗಿತು, ಪದದ ಬಾಲ ಉದುರಿತು. ನನ್ನ ಪ್ರಬಂಧಕ್ಕೆ ಬೆನ್ನೆಲುಬು ಸಿಕ್ಕಿತು.

ತರಗತಿಯಲ್ಲಿ ನಾವು ಓದುವುದೆಲ್ಲ ವಿಜಾಪುರದ ದರ್ಬಾರು, ಮಿರಜದ ತಂಬೂರಿ, ಯಾವ ಉಸ್ತಾದರ ಮನೆತನ ಎಲ್ಲಿಂದ ಎಲ್ಲಿಗೆ ಬಂತು ಎಂಬುದು. ನಮ್ಮ ಕಡೆಯ ಹೆಸರು ಅಲ್ಲೆಲ್ಲೂ ಬರುವುದಿಲ್ಲ. ಆಳಂದದ ಒಂದು ಹಳ್ಳಿಯ ಪದ ಮೊದಲ ಸಲ ಆ ಕೋಣೆಯಲ್ಲಿ ಓದಿದಾಗ ಊರಿನ ಹೆಸರನ್ನು ಬೇಕೆಂದೇ ಎರಡು ಸಲ ಹೇಳಿದೆ.

ಸರ್ ಒಂದು ಕೆಲಸ ಹೇಳಿದ್ದಾರೆ. ಒಬ್ಬರ ಮರೆವು ಪುರಾವೆ ಆಗುವುದಿಲ್ಲ. ಮೇಳದ ಉಳಿದವರನ್ನೂ ಕೇಳಿ ನೋಡುವಿರಾ? ಅವರೂ ಅಲ್ಲಿಯೇ ನಿಂತರೆ ನಷ್ಟ ಖಾತ್ರಿಯಾದಂತೆ.

ಬಾದಾಮಿ ಬಹಳ ಕೊಡಬೇಡಿ. ಅಕಸ್ಮಾತ್ ನೆನಪಾದರೆ ನನ್ನ ಗತಿ?

ನಿಮ್ಮ
ಜಗದೇವಿ


ಮಟಕಿ
೧೧ ಸೆಪ್ಟೆಂಬರ್ ೧೯೮೦

ಜಗದೇವಿಗೆ ಆಶೀರ್ವಾದ.

ನೀನು ಹೇಳಿದಂತೆ ಮೇಳದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮನೆಗೆ ಕರೆಸಿ ಚಹಾ ಕೊಟ್ಟು ಕೇಳಿದೆ. ಉಸ್ಮಾನಸಾಬರು ಆರನೆಯ ನುಡಿಯ ಕೊನೆಗೆ ಬಂದು ಕೆಮ್ಮಿದರು. ಚಂದಪ್ಪನಿಗೆ ಎಮ್ಮೆ ನೆನಪಾಗಿ ಎದ್ದು ಹೋದ. ದಪ್ಪು ಬಾರಿಸುವ ದೇವೀಂದ್ರಪ್ಪ ಮಾತ್ರ ‘ನಮಗೆಲ್ಲಿಂದು ನೆನಪ್ರೀ ಬಾಯಾರ, ಬಾದಾಮಿ ಎಲ್ಲಾ ಲಾಲಸಾಬನೇ ತಿಂದಾನ’ ಎಂದು ಟಾವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಪಾಪ, ಮರೆತದ್ದಕ್ಕೆ ನಾಚಿಕೊಂಡಿರಬೇಕು.

ಆದ್ದರಿಂದ ನಿನ್ನ ಸರ್ ಕೇಳಿದ್ದು ಸಿಕ್ಕಿತು. ಎಲ್ಲರೂ ಒಂದೇ ಜಾಗದಲ್ಲಿ ನಿಲ್ಲುತ್ತಾರೆ.

ನನಗೆ ಮಾತ್ರ ಇದರಿಂದ ಸಂತೋಷವಾಗಲಿಲ್ಲ. ಒಂದು ಪದ ಸಾಯುತ್ತಿದ್ದ ಮನೆಯೆದುರು ನಾನು ಇಷ್ಟು ವರ್ಷ ಓಡಾಡಿದ್ದೇನೆ. ನಡುವೆ ಒಂದು ಸಣ್ಣ ಯೋಚನೆಯೂ ಬಂತು. ಬರೆಯುವಷ್ಟು ದೊಡ್ಡದಲ್ಲ, ಬಿಡು.

ತೊಗರಿ ಈ ಸಲ ಚೆನ್ನಾಗಿದೆ. ನಿನ್ನ ಮಾವ ಸಾಲುಗಳ ನಡುವೆ ನಿಂತು ಒಬ್ಬರೇ ನಗುತ್ತಾರೆ.

ನಿನ್ನ
ಅತ್ತೆ


ಧಾರವಾಡ
೨೫ ಸೆಪ್ಟೆಂಬರ್ ೧೯೮೦

ಅತ್ತೆಯವರಿಗೆ ಶರಣು.

ಕರಡು ಓದಿ ಸರ್ ತುಂಬ ಮೆಚ್ಚಿದರು. ಪುಣೆಯ ವಿದ್ವಾಂಸರೆದುರು ಓದುವುದು ನನ್ನದೇ ಎಂದು ಬಹುತೇಕ ನಿಶ್ಚಯವಾಗಿದೆ. ಹೆಸರು: ‘ಏಳನೆಯ ನುಡಿಯ ಮರಣ’. ಗೆಳತಿಯರು ನನ್ನನ್ನು ‘ತಿಥಿ ಮಾಡುವಾಕಿ’ ಎಂದು ಕಾಡುತ್ತಿದ್ದಾರೆ. ಪರವಾಗಿಲ್ಲ.

ಇನ್ನು ಹಿರಿಯರಿಗೆ ತೊಂದರೆ ಕೊಡಬೇಡಿರಿ. ಅವರ ಮರೆವನ್ನು ಅವರಿಗೇ ತೋರಿಸಿದಂತಾಗುತ್ತದೆ.

ಅಪ್ಪನ ಕಾಗದ ಬಂದಿತ್ತು. ಮೊಹರಂ ಮುಗಿದ ಮೂರನೆಯ ದಿನ, ಜಿಯಾರತ್‌ಗೆ, ಕರಜಗಿಗೆ ಬಾ ಎಂದಿದ್ದಾರೆ. ‘ಈ ಸಲ ಮಟಕಿಯವರು ನಮ್ಮೂರಿಗಿ ಬರ್ತಾರ, ನೋಡೂಣಂತ’ ಎಂದು ಮಾತಾಡಿದಂತೆಯೇ ಬರೆದಿದ್ದಾರೆ. ಯಾಕೆ ಬರುತ್ತಾರೆ, ಏನು ನೋಡುವುದು, ಬರೆದಿಲ್ಲ. ಅಂದು ನಮಗೆ ಪರೀಕ್ಷೆ ಇದೆ. ನೀವೇನಾದರೂ ಹೋಗುವಿರಾ?

ನಿಮ್ಮ
ಜಗದೇವಿ


ಮಟಕಿ
೪ ಅಕ್ಟೋಬರ್ ೧೯೮೦

ಜಗದೇವಿ,

ಈ ಕಾಗದವನ್ನು ಕುಳಿತು ಓದು.

ನಿನ್ನ ಅಪ್ಪನ ಮಾತನ್ನು ನೀನು ಬರೆದಿದ್ದೆಯಲ್ಲ, ಅದನ್ನು ಹಿಡಿದುಕೊಂಡು ಲಾಲಸಾಬರ ಮನೆಗೆ ಹೋದೆ. ಅವರಿರಲಿಲ್ಲ. ಅವರ ಹೆಂಡತಿ ಮದೀನಾಬಿ ಜೋಳ ಕೇರುತ್ತಿದ್ದಳು. ನಾನು ಬಾದಾಮಿಯ ಪೊಟ್ಟಣ ಕೆಳಗಿಟ್ಟು, ‘ಯಜಮಾನರಿಗೆ ಸ್ವಲ್ಪನಾದರೂ ನೆನಪು ಬಂತೇ?’ ಎಂದೆ. ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

‘ಬಾಯಾರ, ನಿಮ್ಮ ಬಾದಾಮಿ ತಿಂದು ನಮ್ಮಂವಾ ಗುಂಡಗ ಆಗ್ಯಾನ. ಇನ್ನ ನಾ ಸುಮ್ನಿದ್ರ ಅಲ್ಲಾ ಮೆಚ್ಚಂಗಿಲ್ಲ. ಅಂವಾ ಮರಿಯೋದಾ? ನಮ್ಮ ಲಗ್ನದಾಗ ನಮ್ಮಪ್ಪ ಕೊಡ್ತೇನಂದು ಕೊಡಲಾರದ ಲೋಟಾನೂ ನೆನಪದ ಅವಂಗ!’

‘ಮತ್ತೆ ಏಳನೆಯ ನುಡಿ?’

‘ಅದು ಗಂಟ್ರೀ, ಆರನೇ ನುಡಿ ಸವಾಲ್, ಏಳನೇದು ಅದರ ಜವಾಬ್. ಕರಜಗಿ ಮೇಳಕ್ಕ ಹಾಕಿದ್ದು. ಹೋದ ವರ್ಷ ಮೊದಲನೇ ಸಲ ಅವರು ಇಲ್ಲಿಗಿ ಬಂದಾಗ ನೀವು ಊರಾಗ ಇರಲಿಲ್ಲ. ನಮ್ಮವರು ಸವಾಲ್ ಹಾಕಿದ್ರು, ಅವರಿಗಿ ಬಿಚ್ಚಾಕ ಬರಲಿಲ್ಲ. ಈ ವರ್ಷ ಜವಾಬ್ ತರಬೇಕು ಅವರು. ನೀವು ನೋಡಿದ್ರ ಕರಜಗಿ ಮಗಳು, ಕೇಳಾಕತ್ತಾಕೀನೂ ಕರಜಗಿ ಹುಡುಗಿ. ನಿಮಗ ಹೇಳೂದೂ ಒಂದೇ, ನಿಮ್ಮಣ್ಣ ದೌಲತರಾಯರ ಕಿವ್ಯಾಗ ಊದೂದೂ ಒಂದೇ.’

ಹೌದು, ನಿನ್ನ ಅಪ್ಪ. ಅವರು ಅಲ್ಲಿಯ ಮೇಳದ ಹಿರಿಯರಂತೆ. ಮುಂದೆ ನಿಂತು ಹಾಡುತ್ತಾರಂತೆ. ನಿನಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ. ನಾನು ಏಳು ವರ್ಷದವಳಿದ್ದಾಗ ಸೊಲ್ಲಾಪುರಕ್ಕೆ ಹೋದೆ, ನೀನು ಹತ್ತು ವರ್ಷಕ್ಕೆ ಗುಲಬರ್ಗಾಕ್ಕೆ ಹೋದೆ. ಓದಿದ ಇಬ್ಬರಿಗೂ ಮನೆಯ ಹಾಡು ಗೊತ್ತಿಲ್ಲ.

ಲಾಲಸಾಬರು ಬಂದ ಮೇಲೆ ನೇರವಾಗಿ ಕೇಳಿದೆ. ಟೋಪಿ ಸರಿಮಾಡಿಕೊಂಡು, ‘ಮಾಫ್ ಮಾಡ್ರಿ ಬಾಯಾರ. ಗಂಟು ಮೇಳದ್ದು, ನಂದಲ್ಲ. ಅವರು ಬಿಚ್ಚಿದ್ರ ಎಲ್ಲಾರ್ದು. ಬಿಚ್ಚಲಿಲ್ಲಂದ್ರ ಇನ್ನೊಂದು ವರ್ಷ ನಮ್ಮ ಹತ್ರಾನೇ. ಅಲ್ಲೀತನಕ ಹೆಣ್ಣು ಕೊಟ್ಟ ಬೀಗರು ಕೇಳಿದ್ರೂ ಹೇಳಂಗಿಲ್ಲ’ ಎಂದರು. ತಮಾಷೆಯೆಂದರೆ ಬಾದಾಮಿ ಬೇಡವೆನ್ನಲಿಲ್ಲ.

ಮನೆಗೆ ಬಂದು ನಿನ್ನ ಮಾವನೆದುರು ನಕ್ಕೆ. ಆಮೇಲೆ ಒಳಗೆ ಹೋದಾಗ ನಗು ನಿಂತಿತು. ಲಾಲಸಾಬರ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟದ್ದು ನಾನು. ಮದೀನಾಬಿಯ ಹೆರಿಗೆಗೆ ಗಾಡಿ ಕಟ್ಟಿಸಿದ್ದು ನಾನು. ಆದರೂ ನಾನಿನ್ನೂ ಕರಜಗಿ ಮಗಳು. ಅವರದು ತಪ್ಪೆನ್ನಲೂ ಬರುವುದಿಲ್ಲ. ಮೇಳವನ್ನು ಮಾಳಿಗೆಯ ಮೇಲಿಂದ ನೋಡುವವಳು ಯಾವ ಊರಿನವಳು?

ನಿನ್ನ ಪ್ರಬಂಧ ಇದರಿಂದ ಮುರಿಯುತ್ತದೆಂದು ಗೊತ್ತು. ಹೇಳದೆ ಇದ್ದಿದ್ದರೆ ಪುಣೆಯವರೆದುರು ನೀನು ಓದುತ್ತಿದ್ದೆ, ಕಾಗದ ಬರುತ್ತಿತ್ತು. ಹಿಂದಿನ ಪತ್ರದಲ್ಲಿ ಬರೆಯದೆ ಬಿಟ್ಟ ಯೋಚನೆ ಇದೇ: ಇಷ್ಟು ಜನ ಒಂದೇ ಸಾಲನ್ನು ಹೇಗೆ ಮರೆಯುತ್ತಾರೆ? ಆಗಲೇ ಬರೆಯಬೇಕಿತ್ತು. ಇನ್ನು ನಿನಗೆ ಬಿಟ್ಟದ್ದು.

ನಿನ್ನ
ಅತ್ತೆ


ಧಾರವಾಡ
೧೭ ಅಕ್ಟೋಬರ್ ೧೯೮೦

ಅತ್ತೆಯವರಿಗೆ ಶರಣು.

ನಿಮ್ಮ ಕಾಗದವನ್ನು ಮೆಟ್ಟಿಲ ಮೇಲೆ ನಿಂತೇ ಓದಿದೆ, ಕುಳಿತದ್ದು ಆಮೇಲೆ. ಮೊದಲು ಅಳು ಬಂತು. ಬಾದಾಮಿಯ ಹತ್ತಿರ ಬಂದಾಗ ನಗು ಬಂತು. ಕೋಣೆಯ ಗೆಳತಿ ಹುಚ್ಚು ಹಿಡಿಯಿತೆಂದುಕೊಂಡಳು.

ಅಪ್ಪ ಹಾಡುವುದು ನನಗೆ ಗೊತ್ತಿತ್ತು, ಅತ್ತೆ. ಹಬ್ಬದಲ್ಲಿ ಗಂಟಲು ಕೂತು ಮನೆಗೆ ಬಂದು ಬಿಸಿನೀರು ಕೇಳುತ್ತಿದ್ದರು. ಅದನ್ನು ನಾನು ಸಂಗೀತವೆಂದು ಎಣಿಸಿರಲೇ ಇಲ್ಲ. ಮೂರು ವರ್ಷ ಸಂಗೀತದ ಇತಿಹಾಸ ಓದಿದವಳು!

ಸುಳ್ಳೆಂದು ಗೊತ್ತಾದದ್ದನ್ನು ಓದಲಾಗಲಿಲ್ಲ. ಹಳೆಯದನ್ನು ಹರಿದು ಹೊಸದಾಗಿ ಬರೆದೆ. ಹೆಸರು: ‘ಏಳನೆಯ ನುಡಿಯನ್ನು ನನಗೆ ಯಾಕೆ ಹೇಳಲಿಲ್ಲ’. ಪದ ಸತ್ತಿಲ್ಲ, ಅಡಗಿ ಕುಳಿತಿದೆ ಎಂದು ಬರೆದೆ. ಸರ್ ಮುಖ ಗಂಟಿಕ್ಕಿದರು. ‘ಆ ನುಡಿ ಇದೆ ಎನ್ನುವುದಕ್ಕೆ ಸಾಕ್ಷಿ ಏನು? ನೀನು ಕೇಳಿಯೇ ಇಲ್ಲ’ ಎಂದರು. ನಾನು ಹೇಳಿದೆ: ಮರೆತವರು ಒಬ್ಬೊಬ್ಬರು ಒಂದೊಂದು ಕಡೆ ತಡವರಿಸುತ್ತಾರೆ. ಎಲ್ಲರೂ ಒಂದೇ ಕಡೆ ನಿಂತರೆ ಅದು ಮರೆವಲ್ಲ, ಬಾಗಿಲು. ಅವರು ಹಾಳೆಗಳನ್ನು ಜೋಡಿಸಿ ಮೇಜಿನ ಮೇಲಿಟ್ಟು, ‘ಸ್ವಂತ ಊರು ಬೇಡವೆಂದಿದ್ದೆ. ಅದೇ ನಿನ್ನ ಬೆನ್ನಟ್ಟಿ ಬಂತಲ್ಲ’ ಎಂದರು. ನಕ್ಕರೋ ಇಲ್ಲವೋ ಖಾತ್ರಿಯಿಲ್ಲ.

ಪುಣೆಯವರೆದುರು ಓದುವುದು ಬೇರೆ ಹುಡುಗಿ. ನಾಟಕ ಕಂಪನಿಗಳ ಬಗ್ಗೆ ಬರೆದಿದ್ದಾಳೆ, ಚೆನ್ನಾಗಿದೆ. ನನಗೆ ಒಳ್ಳೆಯ ಅಂಕ ಬಂದವು, ಕರೆಯುವ ಕಾಗದ ಬರುವುದಿಲ್ಲ. ಅಪ್ಪನಿಗೆ ಇನ್ನೂ ತಿಳಿಸಿಲ್ಲ. ನೀವೂ ಸದ್ಯ ಹೇಳಬೇಡಿರಿ.

ವಿಚಿತ್ರವೆಂದರೆ ನಾನು ಸಮಾಧಾನವಾಗಿದ್ದೇನೆ. ಮೊನ್ನೆ ಗ್ರಂಥಾಲಯದಲ್ಲಿ ದಪ್ಪ ಪುಸ್ತಕವೊಂದರಲ್ಲಿ ‘ಇದು ಈಗ ಲಭ್ಯವಿಲ್ಲ’ ಎಂದು ಓದಿದಾಗ, ಇದನ್ನು ಕೇಳಿದವನು ಯಾವ ಊರಿನವನಿದ್ದನೋ ಎಂದು ನಕ್ಕೆ.

ಜಿಯಾರತ್‌ಗೆ ನೀವಾದರೂ ಹೋಗಿ. ಮಾಳಿಗೆ ಬೇಡ.

ನಿಮ್ಮ
ಜಗದೇವಿ


ಮಟಕಿ
೨೬ ನವೆಂಬರ್ ೧೯೮೦

ಜಗದೇವಿಗೆ ಆಶೀರ್ವಾದ.

ಹೋಗಿ ಬಂದೆ. ಮೇಳದವರು ಖಜೂರಿ ಊರಿನ ಲಾರಿಯೊಂದನ್ನು ಗೊತ್ತುಮಾಡಿದ್ದರು. ನಿನ್ನ ಮಾವ ಜೀಪು ಮಾಡಿಸುತ್ತೇನೆಂದರು. ನಾನು ಒಪ್ಪದೆ ಲಾರಿಯಲ್ಲಿ ಮದೀನಾಬಿಯ ಪಕ್ಕ ಕುಳಿತೆ. ಅಫಜಲಪುರ ದಾಟುವಷ್ಟರಲ್ಲಿ ಸೀರೆ ಧೂಳಿಗೆ ಬಣ್ಣ ಬದಲಿಸಿತ್ತು. ಕರಜಗಿಯಲ್ಲಿ ಇಳಿದಾಗ ನಿನ್ನ ಅಪ್ಪ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

‘ಏನಬೇ ಸುಭದ್ರಾ, ತವರಿಗಿ ಬರಾಕ ವೈರಿ ಗಾಡೀನೇ ಬೇಕಾಯ್ತೇನು?’

‘ನಮ್ಮೂರ ಗಾಡಿ ಅಣ್ಣಾ. ಕೂಡಾಕ ಜಾಗ ಭಾಳ ಅದ’ ಎಂದೆ. ಲಾರಿಯಲ್ಲಿದ್ದವರೆಲ್ಲ ಕೂಗಿದರು.

ಮಧ್ಯಾಹ್ನ ಬೇವಿನ ನೆರಳಿನಲ್ಲಿ ಎರಡು ಮೇಳ ಎದುರುಬದುರು ನಿಂತವು. ಲಾಲಸಾಬರು ಆರು ನುಡಿ ಹಾಡಿದರು. ಮಶೀನಿನ ಮುಂದೆ ಕೇಳಿದ ಹಾಡು ಇದೇ ಎಂದು ನಂಬಲಾಗಲಿಲ್ಲ. ‘ಹೇಳೋ ಶಾಹೀರ’ ಎಂದು ನಿಲ್ಲಿಸಿದಾಗ ದಪ್ಪು ಕೂಡ ನಿಂತಿತು. ಕರಜಗಿಯವರಿಗೆ ಮೂರು ಸಲ ಜವಾಬ್ ಹೇಳಲು ಅವಕಾಶ. ದೇವದೂತ ತುಂಬಿದ ಎಂದರು, ಲಾಲಸಾಬರು ತಲೆಯಾಡಿಸಿದರು. ಮಳೆ ಎಂದರು, ದೇವೀಂದ್ರಪ್ಪ ‘ಮಳಿ ಬಂದಿದ್ರ ಹೆಜ್ಜಿ ಉಳೀತಿತ್ತೇನೋ?’ ಎಂದು ಕಿಚಾಯಿಸಿದ. ಇನ್ನೊಂದೇ ಉಳಿದಿತ್ತು. ಆಗ ನಿನ್ನ ಅಪ್ಪ ಎಲ್ಲರೆದುರು ಹೆಂಗಸರ ಕಡೆ ತಿರುಗಿದರು.

‘ನಮ್ಮ ಮನಿ ಮಗಳು ಅಲ್ಲೇ ಇರ್ತಾಳ. ಆಕಿಗಿ ಗೊತ್ತಿರ್ತದ. ಹೇಳಬೇ ತಂಗಿ, ತವರಿನ ಮಾನ ಉಳಸು!’

ಇಡೀ ಮೈದಾನ ನನ್ನನ್ನು ನೋಡಿತು. ಗೊತ್ತಿಲ್ಲ ಎಂದರೆ ಸಾಕಿತ್ತು. ಅದು ಸತ್ಯವೂ ಆಗಿತ್ತು. ಆದರೆ ಬಾಯಿಂದ ಬಂದದ್ದು ಬೇರೆ: ‘ಗೊತ್ತಿದ್ರೂ ಹೇಳಂಗಿಲ್ಲಣ್ಣ. ನಾ ಮಟಕ್ಯಾಕಿ.’

ಮೊದಲು ನಕ್ಕವರು ನಿನ್ನ ಅಪ್ಪನೇ. ಮೂರನೆಯ ಜವಾಬೂ ತಪ್ಪಾಯಿತು. ಗಂಟು ನಮ್ಮ ಹತ್ತಿರವೇ ಉಳಿಯಿತು. ಸೋತವರು ಚೊಂಗೆಯೆಂಬ ಹಬ್ಬದ ಸಿಹಿ ರೊಟ್ಟಿ ಹಂಚಬೇಕೆಂಬುದು ಪದ್ಧತಿ. ನಿನ್ನ ಅಪ್ಪ ನನ್ನ ಕೈಗೆ ಬೆಲ್ಲ ಬಳಿದ ಚೊಂಗೆ ಎರಡು ಹೆಚ್ಚೇ ಇಟ್ಟು, ‘ಧಾರವಾಡದಾಕಿ ಇದನ್ನೇ ಓದಾಕತ್ತಾಳಲ್ಲ?’ ಎಂದರು. ನಾನು ಹೌದೆಂದೆ. ಎಂ.ಎ.ಗೆ ಕರೆಯುವ ಕಾಗದ ಬರುವುದಿಲ್ಲವೆಂದೂ ಹೇಳಿಬಿಟ್ಟೆ, ಕ್ಷಮಿಸು. ಅವರು ಮೀಸೆ ತಿಕ್ಕಿಕೊಂಡರು. ‘ಕಾಲೇಜಿನವರು ಕರಿಲಿ, ಬಿಡಲಿ. ಎಂ.ಎ. ಮಾಡ್ಲಿ ಆಕಿ. ಇನ್ನೆರಡು ವರ್ಷದಾಗ ಈ ಮಟಕಿಯವರ ಸೊಕ್ಕು ಮುರಿಯೂದು ಕಲೀಲಿ’ ಎಂದರು. ಇದನ್ನು ಅವರೇ ನಿನಗೆ ಬರೆಯುತ್ತಾರೆ. ಮೊದಲ ಸಲ ಕೇಳಿದವಳಂತೆ ಓದು.

ಮರಳಿ ಬರುವಾಗ ಅಫಜಲಪುರ ಹಿಂದೆ ಬಿದ್ದ ಮೇಲೆ ಲಾಲಸಾಬರು ಲಾರಿಯಲ್ಲಿ ಹಿಂದೆ ಮುಂದೆ ನೋಡಿ, ‘ಈಗ ಇಲ್ಲಿ ಕರಜಗಿಯವರು ಯಾರೂ ಇಲ್ಲಲ್ರೀ?’ ಎಂದರು. ಮದೀನಾಬಿ ನನ್ನ ಮೊಣಕೈ ಹಿಡಿದು, ‘ಯಾರೂ ಇಲ್ಲ, ಹಾಡ್ರಿ’ ಎಂದಳು. ಎಲ್ಲರೂ ಸೇರಿ ಏಳನೆಯ ನುಡಿ ಹಾಡಿದರು. ಎರಡು ಸಲ. ಎರಡನೆಯ ಸಲ ನಾನೂ ಹಾಡಿದೆ.

ಅದು ಎಷ್ಟು ಸರಳವಾಗಿದೆ, ಜಗದೇವಿ. ಕೇಳಿದ ಮೇಲೆ ಬೇರೆ ಉತ್ತರ ಇರಲು ಸಾಧ್ಯವೇ ಇಲ್ಲ ಅನಿಸುತ್ತದೆ. ಇದಕ್ಕಿಂತ ಹೆಚ್ಚು ಬರೆಯಲಾರೆ. ನೀನು ನನ್ನ ಅಣ್ಣನ ಮಗಳು, ನನಗೆ ಮಗಳಿದ್ದಂತೆ. ಆದರೂ ಬರೆಯುವುದಿಲ್ಲ.

ನಿನ್ನ
ಸುಭದ್ರಾ ಅತ್ತೆ, ಮಟಕಿ


ಧಾರವಾಡ
೮ ಡಿಸೆಂಬರ್ ೧೯೮೦

ಅತ್ತೆಯವರಿಗೆ ಶರಣು.

ಅಪ್ಪನ ಕಾಗದ ಬಂತು. ಮೊದಲ ಸಲ ಕೇಳಿದವಳಂತೆಯೇ ಓದಿದೆ, ಎರಡು ಸಲ ಓದಿದೆ.

ನಿಮ್ಮ ಪತ್ರವನ್ನು ಸರ್‌ಗೆ ತೋರಿಸಿದೆ. ಕೊನೆಗೆ ಬಂದು ಅವರು ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದರು. ಇರಲಿಲ್ಲ. ಈ ಸಲ ನಿಜವಾಗಿಯೂ ನಕ್ಕರು.

ರಾತ್ರಿ ಊಟವಾದ ಮೇಲೆ ಗೆಳತಿಯರೆಲ್ಲ ಕುಳಿತು ಆ ಹೋದ ಹೆಜ್ಜೆ, ಬಾರದ ಹೆಜ್ಜೆ, ತುಂಬಿದ ಕೊಡದ ಬಗ್ಗೆ ಜಗಳವಾಡುತ್ತೇವೆ. ಮೊನ್ನೆ ಹೆರಳು ಹಾಕಿಕೊಳ್ಳುವಾಗ ಥಟ್ಟನೆ ನನಗೊಂದು ಉತ್ತರ ಹೊಳೆಯಿತು. ಅದೂ ಬಹಳ ಸರಳವಾಗಿದೆ. ಸರಿಯೋ ತಪ್ಪೋ ಎಂದು ನಿಮಗೆ ಬರೆದು ಕೇಳಬೇಕೆಂದು ಪೆನ್ನು ತೆಗೆದೆ.

ಆಮೇಲೆ ಮುಚ್ಚಿಟ್ಟೆ. ಮುಂದಿನ ಜಿಯಾರತ್‌ಗೆ ಅಪ್ಪನ ಲಾರಿಯಲ್ಲಿ ಮಟಕಿಗೆ ಬರುತ್ತೇನೆ. ಅಲ್ಲಿಯವರೆಗೆ ಹೇಳುವುದಿಲ್ಲ, ಅತ್ತೆ. ನಾನು ಕರಜಗಿಯವಳು.

ನಿಮ್ಮ
ಜಗದೇವಿ